ಕಂಬಿಯ ಸದ್ದು ಕೇಳಿದವರು

ಹೊಳೆಯ ಈ ದಡದಲ್ಲಿ ಗುರು ಮರಿದೇವಯ್ಯನವರ ಆಶ್ರಮವಿತ್ತು. ಆ ದಡದಲ್ಲಿ, ಮಾಜಿ ಸೈನಿಕರಿಗೆ ಸರ್ಕಾರ ಕೊಟ್ಟ ಜಮೀನಿನಲ್ಲಿ, ಕೆಲವು ಮುದುಕರು ಒಕ್ಕಲುತನ ಮಾಡಿಕೊಂಡಿದ್ದರು.

ಅವರೆಲ್ಲರೂ ಒಂದೇ ಯುದ್ಧದಲ್ಲಿ, ಉತ್ತರದ ಗಡಿಯ ಒಂದೇ ನೆಲೆಯಲ್ಲಿ ಇದ್ದವರು. ಆ ನೆಲೆ ಈಗಿಲ್ಲ. ಅದು ಅವರ ನೆನಪಿನಲ್ಲಿ ಮಾತ್ರ ಉಳಿದಿತ್ತು.

ತಾವು ಸಾಯುವ ಮೊದಲು ಆ ನೆಲೆಯ ಕಥೆ ಪುಸ್ತಕವಾಗಲಿ ಎಂದು ಅವರು ಗುರುಗಳನ್ನು ಕೇಳಿಕೊಂಡರು.

ಗುರುಗಳು ಆ ಕೆಲಸವನ್ನು ಶಿಷ್ಯ ಕರಿಬಸವನಿಗೆ ಒಪ್ಪಿಸಿದರು. ಕರಿಬಸವನ ಅಕ್ಷರ ದುಂಡಾಗಿತ್ತು. ಒಂದು ಸಾಲು ಇನ್ನೊಂದು ಸಾಲಿಗೆ ಹೊಂದದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಅವನು ದಿನವೂ ದೋಣಿಯಲ್ಲಿ ಆಚೆಗೆ ಹೋಗಿ ಮುದುಕರ ಮಾತು ಕೇಳಿ ಬರೆದುಕೊಂಡ. ಸೀಮೆಎಣ್ಣೆ ವಾಸನೆಯ ನೀರು, ಚಳಿಗೆ ಒಡೆದ ತುಟಿ, ಊರಿನಿಂದ ಬಂದ ಚಟ್ನಿಪುಡಿಯನ್ನು ಹಂಚಿಕೊಂಡದ್ದು, ಎಲ್ಲವನ್ನೂ ಬರೆದ.

ಒಂದು ದಿನ ಮುಖ ಬಾಡಿಸಿಕೊಂಡು ಬಂದ.

"ಗುರುಗಳೇ, ಇವರ ಮಾತು ಒಂದಕ್ಕೊಂದು ಕೂಡುವುದಿಲ್ಲ."

"ಯಾವ ಮಾತು?"

"ಶತ್ರು ವಿಮಾನ ಬಂದ ಬೆಳಗಿನ ಮಾತು. ಕಾವಲಿಗೆ ಸಿಪಾಯಿ ರಾಚಪ್ಪನಿದ್ದ. ವಿಮಾನ ಕಂಡ ಕೂಡಲೇ ಅವನು ಮರಕ್ಕೆ ತೂಗುಹಾಕಿದ್ದ ರೈಲು ಕಂಬಿಯ ತುಂಡನ್ನು ಬಾರಿಸಬೇಕಿತ್ತು. ಬಾರಿಸಲಿಲ್ಲ, ನಿದ್ದೆ ಹೋಗಿದ್ದ ಎನ್ನುತ್ತಾರೆ ಆಗ ಇವರೆಲ್ಲರ ಮೇಲಧಿಕಾರಿಯಾಗಿದ್ದ ಸುಬೇದಾರ್ ಶಿತೋಳೆಯವರು. ಇಲ್ಲ, ಕಂಬಿಯ ಸದ್ದನ್ನು ಕಿವಿಯಾರೆ ಕೇಳಿದೆ ಎನ್ನುತ್ತಾರೆ ಡ್ರೈವರ್ ದಾದಾಪೀರ್ ಚಾಚಾ."

"ರಾಚಪ್ಪ ಏನೆನ್ನುತ್ತಾನೆ?"

"ಮೊದಲ ಬಾಂಬಿಗೇ ಅವನು ಸತ್ತ, ಗುರುಗಳೇ."

ಕರಿಬಸವ ಪುಟಗಳನ್ನು ಮಡಿಸಿಟ್ಟ.

"ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳುತ್ತೇನೆ. ನಿಜ ಯಾವುದೆಂದು ಅಲ್ಲೇ ತೀರ್ಮಾನವಾಗಿಬಿಡಲಿ."

"ಕೂರಿಸಿ ನೋಡು," ಎಂದರು ಗುರುಗಳು.

ಮುದುಕರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪದಕ ಸಿಕ್ಕಿಸಿಕೊಂಡು ಬಂದರು. ಸುಬೇದಾರರು ಕುರ್ಚಿಯಲ್ಲಿ ಕೂರುವವರೆಗೂ ಒಬ್ಬನೂ ಕೂರಲಿಲ್ಲ.

ಸುಬೇದಾರರು ತಮ್ಮ ಮಾತು ಹೇಳಿ ಮುಗಿಸಿದರು. ಕರಿಬಸವ ಉಳಿದವರ ಕಡೆ ತಿರುಗಿದ.

ದಾದಾಪೀರ್ ತನ್ನ ಚಪ್ಪಲಿಯನ್ನು ನೋಡಿಕೊಂಡು ಹೇಳಿದ: "ಸಾಹೇಬ್ರು ಹೇಳಿದ್ದ ಖರೇ ಇರಬೇಕ್ರಿ."

ಸೈನ್ಯದಲ್ಲಿ ನಾಯಕ್ ದರ್ಜೆಯಲ್ಲಿದ್ದ ಭರಮಣ್ಣ ಹೇಳಿದ: "ನಂದೂ ಅದ ಮಾತ ರೀ."

ಕರಿಬಸವನಿಗೆ ಸಂತೋಷವಾಯಿತು. ಅದೇ ಸಂಜೆ ದುಂಡಗೆ ಬರೆದ: ಕಾವಲುಗಾರ ನಿದ್ದೆ ಹೋಗಿದ್ದ.

ಮರುದಿನ ಒಬ್ಬ ಮುದುಕಿ ದೋಣಿಯಿಂದ ಇಳಿದು ಆಶ್ರಮಕ್ಕೆ ಬಂದಳು. ರಾಚಪ್ಪನ ಅಕ್ಕ ಬಾಳವ್ವ.

"ತಮ್ಮಾ, ನಿನ್ನ ಪುಸ್ತಕದಾಗ ನಮ್ಮ ರಾಚಪ್ಪನ ಹೆಸರು ಐತೇನು?"

"ಇದೆ, ಅವ್ವಾ."

"ಹೆಂಗ ಐತಿ?"

ಕರಿಬಸವ ಸುಳ್ಳು ಹೇಳುವವನಲ್ಲ. ಓದಿ ಹೇಳಿದ.

ಬಾಳವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಹಂಗ ಬರಿಯೂದಾದ್ರ ಅವನ ಹೆಸರ ಬ್ಯಾಡ. ತಗದ ಹಾಕು. ಊರ ಬಾಯಾಗಿದ್ದದ್ದು ಊರ ಜೋಡಿ ಸತ್ತು ಹೋಗಲಿ. ಪುಸ್ತಕ ಸಾಯೂದಿಲ್ಲಪಾ."

"ಎಲ್ಲರೂ ಒಪ್ಪಿದ ಮಾತು, ಅವ್ವಾ. ನಾನು ಬದಲಿಸಲಾರೆ."

ಅವಳು ಹೋಗಿ ಹೊಳೆಯ ಮೆಟ್ಟಿಲ ಮೇಲೆ ಕುಳಿತಳು.

ಗುರುಗಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ದಾದಾಪೀರನೂ ಒಪ್ಪಿದನೇ?"

"ಒಪ್ಪಿದರು, ಗುರುಗಳೇ. ಎಲ್ಲರೂ ಒಂದೇ ಮಾತು ಹೇಳಿದರು."

"ಸರಿ, ಊಟಕ್ಕೆ ಏಳು. ಆ ತಾಯಿಯನ್ನೂ ಕರೆ."

ಗುರುಗಳು ಅಡುಗೆಮನೆಗೆ ಹೋಗಿ ಬಂದ ಮೇಲೆ ಪಂಕ್ತಿ ಕುಳಿತಿತು. ಗುರುಗಳು ಮೊದಲ ತುತ್ತು ಬಾಯಿಗಿಟ್ಟು ತಲೆದೂಗಿದರು.

"ಇವತ್ತಿನ ಸಾರು ಬಹಳ ಚೆನ್ನಾಗಿದೆ."

"ಚೆನ್ನಾಗಿದೆ, ಗುರುಗಳೇ," ಎಂದ ಒಬ್ಬ ಶಿಷ್ಯ.

"ಅಮೃತ!" ಎಂದ ಇನ್ನೊಬ್ಬ.

"ಉಪ್ಪು ಹೇಗಿದೆ, ಕರಿಬಸವಾ?"

"ಸರಿಯಾಗಿದೆ, ಗುರುಗಳೇ."

ಗುರುಗಳು ಅಡುಗೆಯವನನ್ನು ಕೂಗಿದರು. "ಸಾರಿಗೆ ಎಷ್ಟು ಉಪ್ಪು ಹಾಕಿದೆಯಪ್ಪಾ?"

"ಹಾಕಲೇ ಇಲ್ಲ. ಹಾಕಬೇಡ ಅಂತ ನೀವೇ ಹೇಳಿದಿರಲ್ಲ!"

ಪಂಕ್ತಿಯ ಕೊನೆಯಿಂದ ಬಾಳವ್ವ ಹೇಳಿದಳು: "ಸಪ್ಪಗ ಐತಿ ಅಂತ ನಾ ಆಗ್ಲೇ ಅಂದೆ. ಬಡಸಾಂವ ನನ್ನ ಕಡೆ ಕಣ್ಣು ಬಿಟ್ಟ."

ಗುರುಗಳು ಕರಿಬಸವನ ಕಡೆ ತಿರುಗಿದರು.

"ಉಪ್ಪಿಲ್ಲ ಎಂದು ನಿನಗೆ ತಿಳಿಯಲಿಲ್ಲವೇ?"

"ತಿಳಿಯಿತು, ಗುರುಗಳೇ."

"ಮತ್ತೆ?"

"ನೀವು ಚೆನ್ನಾಗಿದೆ ಎಂದುಬಿಟ್ಟಿದ್ದಿರಿ."

"ನಾನು ನಿನ್ನನ್ನು ಎಂದಾದರೂ ಗದರಿದ್ದೇನೆಯೇ?"

"ಇಲ್ಲ, ಗುರುಗಳೇ."

"ಶಿತೋಳೆಯವರು ದಾದಾಪೀರನನ್ನು ಬೇಕಾದಷ್ಟು ಗದರಿರುತ್ತಾರೆ," ಎಂದು ಗುರುಗಳು ಉಪ್ಪಿನ ಬಟ್ಟಲನ್ನು ಅವನ ಕಡೆ ಸರಿಸಿದರು.

ಊಟವಾದ ಮೇಲೆ ಕರಿಬಸವ ಬಂದು ಕೈಕಟ್ಟಿ ನಿಂತ.

"ಒಬ್ಬೊಬ್ಬರನ್ನೇ ಹೊಲದಲ್ಲಿ ಹಿಡಿದು ಕೇಳುತ್ತೇನೆ. ಸುಬೇದಾರರಿಗೆ ಗೊತ್ತಾಗದ ಹಾಗೆ."

"ಅವರಿಗೆ ಗೊತ್ತಾಗದ ಹಾಗೆ ಯಾಕೆ? ಅವರನ್ನೇ ಹೋಗಿ ಕೇಳು."

"ಏನೆಂದು?"

"ದೊಡ್ಡವರ ಎದುರು ಚಿಕ್ಕವರ ಬಾಯಿ ಬಿಡಿಸುವುದು ಹೇಗೆ ಎಂದು."

"ಗುರುಗಳೇ, ಅವರು ನನ್ನನ್ನು ಹೊಳೆಗೆ ಎಸೆಯುತ್ತಾರೆ."

"ನಿನಗೆ ಈಜು ಬರುತ್ತದಲ್ಲ," ಎಂದರು ಗುರುಗಳು.

ಸುಬೇದಾರರು ಮೆಣಸಿನ ಗಿಡಗಳಿಗೆ ನೀರು ಬಿಡುತ್ತಿದ್ದರು. ಪ್ರಶ್ನೆ ಕೇಳಿ ಸನಿಕೆಯನ್ನು ನೆಲಕ್ಕೆ ಊರಿದರು.

"ಯಾರ ಬಾಯಿ ಕಟ್ಟಿದ್ದೀನಿ ನಾನು?"

ಕರಿಬಸವ ಒಂದು ಹೆಜ್ಜೆ ಹಿಂದೆ ಸರಿದ. ಆದರೆ ಓಡಿ ಹೋಗಲಿಲ್ಲ.

ಸುಬೇದಾರರು ಬಹಳ ಹೊತ್ತು ನೀರು ಹರಿಯುವುದನ್ನೇ ನೋಡಿದರು. ಒಂದು ಮಡಿ ತುಂಬಿ ಹೊರಗೆ ಚೆಲ್ಲಿದರೂ ಅವರ ಗಮನ ಅತ್ತ ಹೋಗಲಿಲ್ಲ.

"ಕೋರ್ಟ್ ಮಾರ್ಷಲ್ ಅಂದರೆ ಗೊತ್ತೇನು ನಿನಗೆ?"

"ಸೈನ್ಯದ ನ್ಯಾಯಾಲಯ."

"ಅಲ್ಲಿ ಅಭಿಪ್ರಾಯ ಹೇಳೋವಾಗ ಎಲ್ಲರಿಗಿಂತ ಕಿರಿಯ ಅಧಿಕಾರಿ ಮೊದಲು ಹೇಳಬೇಕು. ಹಿರಿಯ ಕಟ್ಟಕಡೆಗೆ. ಯಾಕೆ ಹೇಳು."

ಉತ್ತರವನ್ನೂ ಸುಬೇದಾರರೇ ಹೇಳಿದರು.

"ಹಿರಿಯ ಮೊದಲು ಮಾತಾಡಿದರೆ ಕಿರಿಯನ ನಾಲಿಗೆ ಹೊರಳೋದಿಲ್ಲ ಅಂತ." ಅವರ ದನಿ ಏರಿತು. "ಬರೆಯೋನು ನೀನು. ಈ ಪದ್ಧತಿ ಇದೆ ಏನು ಅಂತ ಮೊದಲೇ ಕೇಳಬಾರದಿತ್ತೇ? ನಾನಾದರೂ..." ಅವರು ಮಾತನ್ನು ಅಲ್ಲಿಗೇ ನುಂಗಿದರು. "ನಾಳೆ ಎಲ್ಲರನ್ನೂ ಕರೆ. ಬಾಳವ್ವನೂ ಬರಲಿ."

ಮರುದಿನ ಆಶ್ರಮದ ಬೇವಿನ ಮರದಡಿ ಎಲ್ಲರೂ ಸೇರಿದರು. ಸುಬೇದಾರರು ಕುರ್ಚಿ ಬೇಡವೆಂದರು. ಎಲ್ಲರ ಹಿಂದೆ, ಹೊಳೆಯ ಕಡೆ ಮುಖ ಮಾಡಿ, ಚಾಪೆಯ ಮೇಲೆ ಕುಳಿತರು.

"ದಾದಾಪೀರ್, ಮೊದಲು ನೀನು. ಇದು ಹುಕುಂ."

"ಹುಕುಂ ಕೊಟ್ಟು ಬಾಯಿ ಬಿಡಸ್ತೀರಲ್ಲ, ಸಾಹೇಬ್ರ. ನಾ ಏನ ಹೇಳಿದ್ರೂ ಸಿಟ್ಟಾಗೂದಿಲ್ಲಲ್ಲ?"

"ಆಗ್ತೀನಿ. ಹೇಳು."

ಮುದುಕರೆಲ್ಲ ನಕ್ಕರು. ದಾದಾಪೀರನೂ ನಕ್ಕ. ಆಮೇಲೆ ನಗು ನಿಲ್ಲಿಸಿದ.

"ನಾ ಲಾರಿ ಕೆಳಗ ಮಲಗಿ ಎಣ್ಣಿ ಇಳಸಾಕತ್ತಿದ್ದೆ. ಕಂಬಿ ಸದ್ದ ಕೇಳಿತು. ಗಡಬಡಿಸಿ ಏಳಾಕ ಹೋಗಿ ತಲಿ ಬಡಕೊಂಡೆ. ಕಲೆ ಇನ್ನೂ ಐತಿ, ನೋಡ್ರಿ." ಅವನು ಟೋಪಿ ತೆಗೆದು ತೋರಿಸಿದ. "ತಲಿ ಹಿಡಕೊಂಡು ಹೊರಗ ಬರೂದ್ರಾಗ ಬಾಂಬ್ ಬಿತ್ತು. ಮೊದಲ ಸದ್ದು, ಆಮ್ಯಾಲ ಬಾಂಬು."

ಮುಂದಿನ ಸರದಿ ಭರಮಣ್ಣನದು.

"ನಾ ಗಡ್ಡಾ ಮಾಡಿಕೊಳ್ಳಾಕತ್ತಿದ್ದೆ. ಕನ್ನಡಿಯೊಳಗ ಹಿಂದ ರಾಚ್ಯಾ ಕಂಡ. ಕೈ ಎತ್ತತಿದ್ದ, ಇಳಸತಿದ್ದ. ಸದ್ದು ನನಗ ಕೇಳಲಿಲ್ಲ, ವಿಮಾನ ತಲಿ ಮ್ಯಾಲ ಬಂದಿತ್ತು. ಕಂಬಿ ಬಡೀತಿದ್ನೋ, ಓಡ್ರಿ ಅಂತ ಕೈ ಬೀಸತಿದ್ನೋ, ನಾ ಹೇಳಲಾರೆ. ಆದ್ರ ಎಚ್ಚರ ಇದ್ದ."

ಆ ಬೆಳಿಗ್ಗೆ ನೆಲೆಯಲ್ಲಿದ್ದವರ ಪೈಕಿ ಇನ್ನು ಉಳಿದವರು ಸುಬೇದಾರ್ ಶಿತೋಳೆ ಒಬ್ಬರೇ.

ಅವರು ತಿರುಗದೆ ಹೇಳಿದರು: "ನನಗೆ ಕಂಬಿಯ ಸದ್ದು ಕೇಳಲಿಲ್ಲ. ಬರೆದುಕೋ."

ಕರಿಬಸವ ಬರೆದುಕೊಂಡ.

"ನಾನು ಜನರೇಟರ್ ಪಕ್ಕದಲ್ಲಿ ನಿಂತಿದ್ದೆ. ಅದು ನಡೀತಿತ್ತು." ಈಗ ಕರಿಬಸವನ ಕಡೆ ತಿರುಗಿ ಹೇಳಿದರು: "ಅದನ್ನೂ ಬರೆದುಕೋ."

ಬಾಳವ್ವ ಮರಕ್ಕೆ ಒರಗಿ ಕುಳಿತಿದ್ದಳು.

"ಸಾಹೇಬ್ರ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ. ನಾನೂ ಅದನ್ನ ನಂಬಿದ್ದೆ. ಸಣ್ಣಾಂವ ಇದ್ದಾಗ ಅವನ್ನ ಎಬ್ಬಸಾಕ ತಲಿ ಮ್ಯಾಲ ಚರಿಗಿ ನೀರು ಸುರೀತಿದ್ದೆ. ಅವನ ನಿದ್ದಿ ನನಗ ಗೊತ್ತಿದ್ದಷ್ಟು ಯಾರಿಗಿ ಗೊತ್ತು? ಅಲ್ಲೂ ಮಲಗಿರಬೇಕು, ಎಬ್ಬಸಾಕ ನಾ ಇರಲಿಲ್ಲ ಅಂತ ಇಷ್ಟ ವರ್ಷ ನನ್ನ ನಾನ ಬೈಕೊಂಡೆ."

ಸುಬೇದಾರರು ಎದ್ದರು. ಅವರು ಎದ್ದದ್ದು ಕಂಡು ಅಭ್ಯಾಸಬಲದಿಂದ ಎಲ್ಲರೂ ಎದ್ದು ನಿಂತರು.

ಅವರು ಬಾಳವ್ವನ ಮುಂದೆ ಬಂದು ಕೈ ಮುಗಿದರು. ಅವಳೂ ಕೈ ಮುಗಿದಳು.

ಮುದುಕರೂ ಬಾಳವ್ವನೂ ಮಾತಾಡಿಕೊಳ್ಳುತ್ತ ಹೊಳೆಯ ಕಡೆ ನಡೆದರು. ಕರಿಬಸವ ಪುಟಗಳನ್ನು ಹಿಡಿದುಕೊಂಡು ಗುರುಗಳ ಬಳಿಗೆ ಬಂದ.

"ಹಳೆಯದನ್ನು ಹೊಡೆದುಹಾಕಿದೆ, ಗುರುಗಳೇ. 'ಕಂಬಿ ಬಾರಿಸುತ್ತಲೇ ಪ್ರಾಣ ಕೊಟ್ಟ ವೀರ ರಾಚಪ್ಪ' ಎಂದು ಬರೆದಿದ್ದೇನೆ."

"ಸದ್ದನ್ನು ನೀನು ಕೇಳಿದೆಯಾ?"

"ಇಲ್ಲ."

"ಕೇಳಿದವನು ಹೇಳಿದಷ್ಟನ್ನು ಬರೆ. ಕೇಳದವರು ಹೇಳಿದ್ದನ್ನೂ ಬರೆ. ಯಾರು ಎಲ್ಲಿ ನಿಂತಿದ್ದರು ಎಂಬುದನ್ನು ಬಿಡಬೇಡ."

ಕರಿಬಸವ ಆ ಸಾಲನ್ನೂ ಹೊಡೆದುಹಾಕಿ, ಅವರು ಹೇಳಿದಷ್ಟನ್ನೇ ಬರೆದ. ಪುಟವನ್ನು ನೋಡಿ ಅವನಿಗೆ ಕೆಡುಕೆನಿಸಿತು.

"ಉಳಿದವರದು ಪುಟಗಟ್ಟಲೆ ಇದೆ, ಗುರುಗಳೇ. ರಾಚಪ್ಪನದು ನಾಲ್ಕೇ ಸಾಲು."

"ಬಾಳವ್ವನನ್ನು ಕೇಳಿದೆಯಾ?"

"ಆಕೆ ನೆಲೆಯಲ್ಲಿ ಇರಲಿಲ್ಲವಲ್ಲ. ಯುದ್ಧದ ವಿಷಯ ಆಕೆಗೇನೂ ಗೊತ್ತಿಲ್ಲ."

"ಊರು ಬಿಡುವವರೆಗೆ ಅವನಿಗೂ ಗೊತ್ತಿರಲಿಲ್ಲ," ಎಂದರು ಗುರುಗಳು. "ದೋಣಿ ಇನ್ನೂ ಬಿಟ್ಟಿಲ್ಲ. ಓಡು."