ತಟ್ಟೆಯಲ್ಲಿ ಉಳಿದ ವೀಳ್ಯ

"ಗುರುಗಳೇ, ಔಷಧದ ಖರ್ಚನ್ನು ಯಾರು ಹೊರಬೇಕು? ರೋಗಿಯೇ ಹೊರಬೇಕೋ, ಊರೆಲ್ಲ ಸೇರಿ ಹೊರಬೇಕೋ?"

ಕೇಳಿದವನು ಶಿಷ್ಯ ಗುರುಸಿದ್ಧ. ಆಸ್ಪತ್ರೆಗಳ ಖರ್ಚು ಮಿತಿಮೀರಿದ್ದರ ಬಗ್ಗೆ ಪೇಟೆಯಲ್ಲಿ ದೊಡ್ಡ ಸಭೆಯೊಂದು ನಡೆದಿತ್ತು. ಅದನ್ನು ಕೇಳಿಕೊಂಡು ಅವನು ಆಗಷ್ಟೇ ಮಠಕ್ಕೆ ಮರಳಿದ್ದ. ಮುಂದಿನ ಸಭೆಯಲ್ಲಿ ಮಠದ ಪರವಾಗಿ ಅವನೂ ಮಾತಾಡಬೇಕೆಂದು ಅಲ್ಲಿಯವರು ಕೇಳಿಕೊಂಡಿದ್ದರು. ಆ ಹುರುಪು ಅವನ ಮುಖದಲ್ಲಿ ಕಾಣುತ್ತಿತ್ತು.

"ಸಭೆಯಲ್ಲಿ ಏನೆಂದರು?" ಎಂದರು ಗುರುಗಳು.

"ಎಲ್ಲವನ್ನೂ ಸರ್ಕಾರವೇ ಕೊಡಬೇಕು ಎಂದರು ಕೆಲವರು. ಹಾಗೆ ಮಾಡಿದರೆ ಬೊಕ್ಕಸ ಬರಿದಾಗುತ್ತದೆ, ಒಳ್ಳೆಯ ವೈದ್ಯರು ಊರು ಬಿಡುತ್ತಾರೆ ಎಂದರು ಇನ್ನು ಕೆಲವರು. ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ನಾನು ಯಾರ ಪಕ್ಷ ಹಿಡಿಯಲಿ?"

ಗುರುಗಳು, "ಕುಳಿತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಹಗ್ಗ ಹೊಸೆಯುವವನೊಬ್ಬನಿದ್ದ. ಪುಂಡಿ ಗಿಡದ ನಾರನ್ನು ನೆನೆಹಾಕಿ, ಬಡಿದು, ಒಣಗಿಸಿ ಹಗ್ಗ ಮಾಡುತ್ತಿದ್ದ. ಬಾವಿಯ ಹಗ್ಗ, ಎತ್ತಿನ ಹಗ್ಗ, ತೊಟ್ಟಿಲ ಹಗ್ಗ, ಊರಿನಲ್ಲಿ ಎಲ್ಲವೂ ಅವನ ಕೈಯದೇ. ಅವಕ್ಕೆ ಬೆಲೆ ಇತ್ತು. ಚಟ್ಟ ಕಟ್ಟುವ ಹಗ್ಗಕ್ಕೆ ಮಾತ್ರ ಅವನು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅದು ಅವನ ಮನೆತನದ ಪದ್ಧತಿ. ಯಾರಾದರೂ ಸತ್ತರೆ ಆ ಮನೆಯ ಕಡೆಯವರೊಬ್ಬರು ಬಂದು ಅವನ ಅಂಗಳದಲ್ಲಿ ನಿಲ್ಲುತ್ತಿದ್ದರು. ಅವನು ಒಂದು ಸುರುಳಿ ಹಗ್ಗ ತಂದು ಕೊಡುತ್ತಿದ್ದ.

ಆ ಊರಿನಲ್ಲಿ ವೈದ್ಯರಿಗೇನೂ ಬರವಿರಲಿಲ್ಲ. ಒಳ್ಳೆಯ ವೈದ್ಯರೇ. ಅವರ ಕಷಾಯ ಕುಡಿದವರು ಮರುದಿನ ಎದ್ದು ಕೂರುತ್ತಿದ್ದರು. ಆದರೆ ಆ ಕಷಾಯದ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಯಿತು. ಏಕೆಂದು ಕೇಳಿದರೆ ವೈದ್ಯರು ಬೇರು ಮಾರುವ ವ್ಯಾಪಾರಿಯ ಕಡೆ ಕೈ ತೋರಿಸಿದರು. ವ್ಯಾಪಾರಿ ಸುಂಕದ ಕಟ್ಟೆಯ ಕಡೆ ಕೈ ತೋರಿಸಿದ. ಸುಂಕದವನನ್ನು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಇದರ ಮೇಲೆ ವೈದ್ಯರು ತಮ್ಮಲ್ಲೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ವೈದ್ಯನ ಕೈ ರೋಗಿಯ ಮೈಗೆ ತಾಗಿದ ಕ್ಷಣದಿಂದ ಖರ್ಚು ಶುರು. ಆಮೇಲೆ ರೋಗಿ ಉಳಿಯಲಿ, ಹೋಗಲಿ, ಮನೆಯವರು ಹಣ ತೆರಲೇಬೇಕು. ಯಾರನ್ನಾದರೂ ಬಿಟ್ಟಿ ಮುಟ್ಟಿದ ವೈದ್ಯನನ್ನು ಉಳಿದ ವೈದ್ಯರು ತಮ್ಮ ಪಂಕ್ತಿಯಿಂದ ಹೊರಗಿಡುತ್ತಿದ್ದರು. ಹಾಗಾಗಿ ಅವರು ಬೀದಿಯಲ್ಲಿ ನಡೆಯುವಾಗಲೂ ಎರಡೂ ಕೈಗಳನ್ನು ಶಲ್ಯದೊಳಗೆ ಸುತ್ತಿಕೊಂಡೇ ನಡೆಯುತ್ತಿದ್ದರು. ನಗಬೇಡ ಗುರುಸಿದ್ಧ. ಅವರಿಗೂ ಹೆಂಡಿರು ಮಕ್ಕಳಿದ್ದರು.

ಜನ ಗೊಣಗಿದರು. ಗೊಣಗಾಟ ಜಾಸ್ತಿಯಾದಾಗ ಹಿರಿಯರು ಚಾವಡಿಯಲ್ಲಿ ಸಭೆ ಕರೆದರು. ಊರಿನ ಕಣಜದಲ್ಲಿ ಎಲ್ಲರೂ ಸೇರಿ ಕೂಡಿಟ್ಟ ಜೋಳವಿತ್ತು. ಅದರಿಂದ ಔಷಧದ ಖರ್ಚು ಕೊಡಬೇಕೋ ಬೇಡವೋ ಎಂಬುದು ಪ್ರಶ್ನೆ.

ಆ ಊರಿನ ಸಭೆಗೆ ಎರಡು ನಿಯಮಗಳಿದ್ದವು. ಮಾತು ಮುಗಿದ ಮೇಲೆ ತಟ್ಟೆಯಲ್ಲಿ ಹಿರಿಯರ ತಲೆಗೊಂದರಂತೆ ವೀಳ್ಯ ಇಟ್ಟು ತರುತ್ತಿದ್ದರು. ಒಪ್ಪಿದವನು ತನ್ನ ವೀಳ್ಯ ಎತ್ತಿಕೊಳ್ಳಬೇಕು. ತಟ್ಟೆ ಬರಿದಾದರೆ ತೀರ್ಮಾನವಾಯಿತು. ಒಂದು ವೀಳ್ಯ ಉಳಿದರೂ ಇಲ್ಲ. ಇದು ಒಂದು. ಇನ್ನೊಂದು, ಸಭೆ ನಡೆಯುವಾಗ ಸಾವಿನ ಅಳು ಕಿವಿಗೆ ಬಿದ್ದರೆ ಎಲ್ಲರೂ ಕೂಡಲೇ ಏಳಬೇಕು. ಸೂತಕ ಕಳೆದ ಮೇಲೆ ಮತ್ತೆ ಮೊದಲ ಮಾತಿನಿಂದಲೇ ಶುರುಮಾಡಬೇಕು. ಸತ್ತವರಿಗೆ ಕೊಡುವ ಮರ್ಯಾದೆ ಅದು. ಅಂಥ ಮರ್ಯಾದೆ ಸಾಯುತ್ತಿರುವವರಿಗೂ ಸಲ್ಲಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಏನಾಗುತ್ತಿತ್ತೆಂದು ನೀನೇ ಊಹಿಸು. ಸಭೆ ಸೇರುವುದು. ವಾದ ಬಿಸಿಯೇರುವುದು. ಒಮ್ಮತ ಹತ್ತಿರ ಬಂತು ಎನ್ನುವಷ್ಟರಲ್ಲಿ ಔಷಧವಿಲ್ಲದೆ ಯಾವುದೋ ಕೇರಿಯಲ್ಲಿ ಒಬ್ಬರು ಸಾಯುವುದು. ಅಳು ಕೇಳುವುದು. ಸಭೆ ಏಳುವುದು. ಮತ್ತೆ ಸೇರಿದಾಗ ಅದೇ ಮೊದಲ ಮಾತುಗಾರ ಅದೇ ಮೊದಲ ಮಾತನ್ನು ಆಡುವುದು. ಜನ ಸಾಯುತ್ತಾರೆಂದು ಸಭೆ, ಜನ ಸಾಯುತ್ತಿದ್ದರೆಂದೇ ಅದಕ್ಕೆ ಮುಗಿತಾಯವಿಲ್ಲ.

ಹಗ್ಗ ಹೊಸೆಯುವವನು ಸಭೆಗೆ ಹೋಗುತ್ತಿರಲಿಲ್ಲ. ಆದರೆ ಸಭೆಯ ಸುದ್ದಿ ಅವನಿಗೆ ಗೊತ್ತಿದ್ದಷ್ಟು ಸರಿಯಾಗಿ ಯಾರಿಗೂ ಗೊತ್ತಿರಲಿಲ್ಲ. ಹಗ್ಗಕ್ಕೆ ಬಂದವರನ್ನು ಅವನು ಒಂದೇ ಮಾತು ಕೇಳುತ್ತಿದ್ದ.

"ಸಭಾ ಎಲ್ಲೀ ತನಕಾ ಬಂದಿತ್ರಿ?"

"ಇನ್ನೇನು ವೀಳ್ಯಾ ತರೂದಿತ್ತು ನೋಡಪಾ, ಅಷ್ಟರಾಗ ನಮ್ಮವ್ವ ಹೋದ್ಲು."

ಅವನು ಹಗ್ಗ ಕೊಟ್ಟು ಒಳಗೆ ಹೋಗಿ ಮತ್ತೆ ಹೊಸೆಯಲು ಕೂರುತ್ತಿದ್ದ. ಆ ವರ್ಷ ತೊಟ್ಟಿಲ ಹಗ್ಗ ಕೇಳುವವರು ಕಡಿಮೆಯಾದರು. ಬೆಲೆಯಿಲ್ಲದ ಹಗ್ಗವನ್ನೇ ಅವನು ಹೆಚ್ಚು ಹೊಸೆದ.

ಅವನಿಗೆ ಒಬ್ಬಳೇ ಮಗಳು. ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಮಳೆಗಾಲದ ಕೊನೆಗೆ ಅವಳಿಗೆ ಜ್ವರ ಬಂತು. ಒಂದು ಕಷಾಯಕ್ಕೆ ಇಳಿಯುವ ಜ್ವರ. ಹೆಂಡತಿ ಹಗ್ಗದ ರಾಟೆ ತೋರಿಸಿ, "ಇದನ್ನ ಮಾರಿ ವೈದ್ಯರ ಮನೀಗೆ ಹೋಗೂನು ನಡೀರಿ" ಎಂದಳು. ಅವನೂ ರಾಟೆ ಬಿಚ್ಚತೊಡಗಿದ. ಅಷ್ಟರಲ್ಲಿ ಹಿರಿಯರೊಬ್ಬರು ಬಂದರು. ಕಣಜ ತೆರೆಯಬೇಕೆಂದು ಸಭೆಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದವರು ಅವರೇ. ಒಳ್ಳೆಯ ಮನುಷ್ಯ.

"ರಾಟಿ ಯಾಕ ಮಾರ್ತೀಯೋ ತಮ್ಮಾ? ಹೋದ ಸಲ ಒಬ್ಬ ಎತ್ತು ಮಾರಿ ಔಷಧಿ ತಂದ. ನೋಡ್ರಿ, ಬೇಕಾದವ್ರಿಗೆ ಹೆಂಗರ ಹಣ ಹುಟ್ಟತೈತಿ ಅಂತ ಸಭಾದಾಗ ಅವನ್ನ ತೋರಿಸಿ ನಮ್ಮ ಬಾಯಿ ಮುಚ್ಚಿಸಿದ್ರು. ನೀನೂ ಹಂಗ ಮಾಡಬ್ಯಾಡ. ನಾಳೆ ಕೂಸಿನ್ನ ಚಾವಡಿಗೆ ತಗೊಂಡು ಬಾ. ಕಣ್ಣಾರೆ ಕಂಡ್ರ ಒಲ್ಲೆ ಅನ್ನಾಕ ಯಾರಿಗೂ ಬಾಯಿ ಬರೂದಿಲ್ಲ."

ಅವನು ಹೆಂಡತಿಯ ಮುಖ ನೋಡಿದ. ಆಕೆ ಬೇಡವೆಂದು ತಲೆಯಾಡಿಸಿದಳು. ಅವನು ಬಿಚ್ಚಿದ ರಾಟೆಯನ್ನು ಮತ್ತೆ ಜೋಡಿಸಿದ. ಅವನು ಪೆದ್ದನೇನಲ್ಲ. ಊರಿನ ಮೇಲೆ ನಂಬಿಕೆ ಇಟ್ಟಿದ್ದ. ಅದನ್ನು ತಪ್ಪೆಂದು ಹೇಳಲು ಇವತ್ತಿಗೂ ನನಗೆ ನಾಲಿಗೆ ಹೊರಳುವುದಿಲ್ಲ.

ಮರುದಿನ ಮಗಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಹೋಗಿ ಚಾವಡಿಯ ಕಂಬಕ್ಕೆ ಒರಗಿ ಕುಳಿತ. ಹುಡುಗಿ ಅವನ ಹೆಗಲ ವಸ್ತ್ರದ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನರಳುತ್ತಿದ್ದಳು. ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ವೈದ್ಯರಲ್ಲಿ ಹಿರಿಯನಾದವನು ಕೂತಿದ್ದ.

ವಾದ ಶುರುವಾಯಿತು. ಒಬ್ಬರು ಹುಡುಗಿಯ ಕಡೆ ಬೆರಳು ತೋರಿಸಿ, ಈ ಕೂಸಿಗಾಗಿ ಕಣಜ ತೆರೆಯಿರಿ ಎಂದರು. ಇನ್ನೊಬ್ಬರು ಅದೇ ಹುಡುಗಿಯ ಕಡೆ ಬೆರಳು ತೋರಿಸಿ, ಇಂಥ ಎಷ್ಟು ಕೂಸುಗಳಿಗೆಂದು ಕೊಡುತ್ತೀರಿ, ಬೇಸಿಗೆಯಲ್ಲಿ ಹಸಿದು ಬಂದವರಿಗೆ ಏನು ಕೊಡುತ್ತೀರಿ ಎಂದರು. ವೈದ್ಯನೂ ಮಾತಾಡಿದ. ತನಗೂ ಕರುಳಿದೆ ಎಂದ. ಹಾಗೆನ್ನುವಾಗ ಅವನ ಕಣ್ಣಲ್ಲಿ ನೀರೂ ಬಂತು. ಅದು ಸುಳ್ಳು ನೀರಲ್ಲ. ಆದರೆ ಅದನ್ನು ಒರೆಸಿಕೊಳ್ಳಲು ಬಿಟ್ಟರೆ ಅವನ ಕೈ ಶಲ್ಯದಿಂದ ಹೊರಗೆ ಬರಲಿಲ್ಲ.

ಮಧ್ಯಾಹ್ನ ತಿರುಗಿತು. ಅವತ್ತು ಯಾವ ಕೇರಿಯಿಂದಲೂ ಅಳು ಕೇಳಲಿಲ್ಲ. ಮಾತು ಮೆತ್ತಗಾಯಿತು. ಮೊದಲ ಸಲ ತಟ್ಟೆ ಹೊರಗೆ ಬಂತು. ಒಬ್ಬೊಬ್ಬರಾಗಿ ವೀಳ್ಯ ಎತ್ತಿಕೊಳ್ಳತೊಡಗಿದರು. ಹಗ್ಗದವನು ಕಣ್ಣು ಮಿಟುಕಿಸದೆ ತಟ್ಟೆಯನ್ನೇ ನೋಡುತ್ತಿದ್ದ.

ಹುಡುಗಿ ನೀರು ಕೇಳಿದಳು. ತುಟಿಗೆ ಹನಿಸಿದ. ನೀರು ಗಂಟಲಿಗೆ ಇಳಿಯಲಿಲ್ಲ. ವಸ್ತ್ರದ ಅಂಚು ಹಿಡಿದಿದ್ದ ಮುಷ್ಟಿ ಬಿಚ್ಚಿಕೊಂಡಿತು.

ಅವನು ತಂದೆ. ಅವನಿಗೆ ತಿಳಿಯಿತು. ಎದೆಯೊಡೆದು ಬಂದ ಕೂಗು ಗಂಟಲವರೆಗೂ ಬಂತು. ಅಷ್ಟರಲ್ಲಿ ಅವನ ಕಣ್ಣು ಮತ್ತೆ ತಟ್ಟೆಯ ಮೇಲೆ ಬಿತ್ತು. ಕೂಗಿದರೆ ಸಭೆ ಏಳುತ್ತದೆ. ಎಲ್ಲ ಮೊದಲಿನಿಂದ ಶುರುವಾಗುತ್ತದೆ. ಹಿಂದಿನ ಓಣಿಯ ಕುಂಬಾರನೂ ಇದೇ ಜ್ವರದಲ್ಲಿ ಮಲಗಿದ್ದ. ನೀರು ಹೊರುವ ಮುದುಕಿಯೂ ಮಲಗಿದ್ದಳು. ಮನೆಯಲ್ಲಿ ತಾನು ಹೊಸೆದಿಟ್ಟ ಸುರುಳಿಗಳು ಯಾರ ಪಾಲಿಗೆಂದು ಅವನಿಗೆ ಅಂದಾಜಿತ್ತು. ಅವನು ವಸ್ತ್ರದ ಅಂಚನ್ನು ಬಾಯಿಗೆ ತುರುಕಿ ಕಚ್ಚಿ ಹಿಡಿದ. ಮಗಳ ಮೇಲೆ ಕಂಬಳಿ ಸರಿಮಾಡಿದ. ಯಾವಾಗಲೂ ಮಲಗಿಸುವಂತೆ ತೊಡೆಯನ್ನು ಮೆಲ್ಲಗೆ ಆಡಿಸತೊಡಗಿದ.

ತಟ್ಟೆ ಊರ ಕಣಜ ನೋಡಿಕೊಳ್ಳುವ ಯಜಮಾನನ ಮುಂದೆ ಬಂತು. ಕೊನೆಯ ವೀಳ್ಯ ಅವನದು. ಅವನು ಅದನ್ನು ತಟ್ಟೆಯಿಂದ ಅರ್ಧ ಎತ್ತಿದ. ಎತ್ತುತ್ತಲೇ ಹುಡುಗಿಯ ಕಡೆ ನೋಡಿದ.

"ಕೂಸು ನರಳೂದು ನಿಲ್ಲಿಸಿತಲ್ಲೋ?"

ಹಗ್ಗದವನು ಬಾಯಿಂದ ವಸ್ತ್ರ ತೆಗೆದ. "ಮಲಗ್ಯಾಳ್ರಿ ಯಪ್ಪಾ. ನೀವು ವೀಳ್ಯಾ ತಗೋರಿ" ಎಂದ.

ಯಜಮಾನನ ಮುಖ ಅರಳಿತು. ಹುಡುಗಿ ಉಳಿದಳೆಂದು ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. "ನೋಡ್ರೆಪಾ ಎಲ್ಲಾರೂ. ಮುಂಜಾನಿಂದ ಹೋಗತೈತಿ ಹೋಗತೈತಿ ಅಂತ ಹೆದರಿಸಿದ್ರಿ. ಔಷಧಿಲ್ಲ, ವೈದ್ಯರಿಲ್ಲ, ಕೂಸು ತಾನ ಆರಾಮಾಗಿ ನಿದ್ದಿ ಮಾಡಾಕ ಹತ್ತೇತಿ. ಇಷ್ಟಕ್ಕ ಕಣಜ ಯಾಕ ತೆರೀಬೇಕು? ಸುಗ್ಗಿ ಮುಗೀಲಿ, ಸಾವಕಾಶ ಕುಂತು ಮಾತಾಡೂನು" ಎಂದು ವೀಳ್ಯವನ್ನು ತಟ್ಟೆಯಲ್ಲಿ ತಿರುಗಿ ಇಟ್ಟ.

ಅವನು ಇಟ್ಟದ್ದೇ ತಡ, ಉಳಿದವರಿಗೂ ಹಗುರಾಯಿತು. ಒಬ್ಬೊಬ್ಬರೂ ತಮ್ಮ ವೀಳ್ಯ ತಂದು ತಟ್ಟೆಗೆ ಹಾಕಿದರು. ಕಣಜ ತೆರೆಯುವ ಪರ ಮಾತಾಡಿದ ಆ ಒಳ್ಳೆಯ ಹಿರಿಯರು ಮಾತ್ರ ತಮ್ಮದನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನಿಂತರು. ಕೊನೆಗೆ ಅವರೂ ಇಟ್ಟರು. ಹಗ್ಗದವನು ಈಗ ನಿಜ ಹೇಳಬೇಕೆಂದು ಬಾಯಿ ತೆರೆದ. ಅಷ್ಟು ಹೊತ್ತು ಕಟ್ಟಿ ಹಿಡಿದ ಗಂಟಲಿನಿಂದ ದನಿ ಹೊರಡಲಿಲ್ಲ. ಎಲ್ಲರೂ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಇಳಿದರು. ಹೋಗುವಾಗ ವೈದ್ಯ, "ಬಿಸಿ ಗಂಜಿ ಕುಡಿಸು" ಎಂದು ಬಿಟ್ಟಿ ಸಲಹೆಯೊಂದನ್ನು ಕೊಟ್ಟು ಹೋದ.

ಮಗಳನ್ನು ಎತ್ತಿಕೊಂಡು ಅವನು ಮನೆಯ ದಾರಿ ಹಿಡಿದಾಗ ಹೆಂಡತಿ ಎದುರಿನಿಂದ ಓಡಿ ಬಂದಳು. ಗಂಡನನ್ನು ಏನೂ ಕೇಳಲಿಲ್ಲ. ಕಂಬಳಿ ಸರಿಸಿ ನೋಡಿದಳು. ಅವಳ ಕೂಗು ಊರಿಗೆಲ್ಲ ಕೇಳಿತು. ಬೀದಿಯಲ್ಲಿ ಹೋಗುತ್ತಿದ್ದ ಹಿರಿಯರು ನಿಂತು ರುಮಾಲು ತೆಗೆದರು. "ಸದ್ಯ, ಸಭಾ ಮುಗದಿತ್ತು" ಎಂದರು ಯಾರೋ.

ಚಿಕ್ಕ ಮಕ್ಕಳಿಗೆ ಚಟ್ಟ ಕಟ್ಟುವುದಿಲ್ಲ. ತೋಳಿನಲ್ಲೇ ಎತ್ತಿಕೊಂಡು ಹೋಗಿ ಮಣ್ಣು ಮಾಡುತ್ತಾರೆ. ಅಂದು ಹಗ್ಗ ಕೇಳಿಕೊಂಡು ಅವನ ಅಂಗಳಕ್ಕೆ ಯಾರೂ ಬರಲಿಲ್ಲ. ಸುಗ್ಗಿ ಮುಗಿಯುವುದರೊಳಗೆ ಕುಂಬಾರನ ಮನೆಯವರು ಬಂದರು. ಆಮೇಲೆ ಮುದುಕಿಯ ಮಗ ಬಂದ. ಹಗ್ಗದವನು ಸುರುಳಿ ಕೊಟ್ಟ. ಸಭೆ ಎಲ್ಲಿಯವರೆಗೆ ಬಂತೆಂದು ಮತ್ತೆಂದೂ ಅವನು ಯಾರನ್ನೂ ಕೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಗುರುಸಿದ್ಧನ ಮುಖದ ಹುರುಪು ಇಳಿದುಹೋಗಿತ್ತು. ಅವನು ತಡೆಯಲಾರದೆ ಕೇಳಿದ.

"ಗುರುಗಳೇ, ಅಷ್ಟು ಜನ ತಿಳಿದವರಿದ್ದರು. ಮಗ್ಗುಲಲ್ಲೇ ವೈದ್ಯನಿದ್ದ. ಮಗು ತೀರಿಕೊಂಡದ್ದು ಅವರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲವೇ?"

"ಹಣೆ ಮುಟ್ಟಿ ನೋಡಿದ್ದರೆ ಗೊತ್ತಾಗುತ್ತಿತ್ತು ತಮ್ಮಾ, ಮುಟ್ಟಿದ ಖರ್ಚು ಯಾರದೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ."