ಕೊಂಬೆ ಕಡಿದ ಅಳಿಯ

"ಗುರುಗಳೇ, ಸುತ್ತ ಇಷ್ಟು ಜನ ಮುತ್ತಿಕೊಂಡಿರುವಾಗ ಧ್ಯಾನ ಮಾಡುವುದು ಹೇಗೆ?" ಎಂದು ಸಾಂಬಯ್ಯ ಕೇಳಿದ.

ಕೇಳುವಾಗಲೇ ಅವನ ಬಗಲಲ್ಲಿ ಬಟ್ಟೆಯ ಗಂಟು ಇತ್ತು. ಆ ಮಠದಲ್ಲಿ ಓದು ಬರಹ ಚೆನ್ನಾಗಿ ಬಲ್ಲವನು, ನಾಲ್ಕು ಬೇರುಗಳ ಗುಣ ತಿಳಿದವನು ಅವನೊಬ್ಬನೇ. ಹಾಗಾಗಿ ಬೆಳಗಾದರೆ ಸಾಕು, ಜಗಲಿಯಲ್ಲಿ ಜನ. ಒಬ್ಬನಿಗೆ ಕಾಗದ ಓದಿ ಹೇಳಬೇಕು. ಒಬ್ಬಳ ಮಗುವಿಗೆ ಕೆಮ್ಮಿನ ಕಷಾಯ ಬೇಕು. ಅಣ್ಣತಮ್ಮಂದಿರ ಬೇಲಿ ಜಗಳಕ್ಕೆ ನ್ಯಾಯ ಬೇಕು. ಕಣ್ಣು ಮುಚ್ಚಿ ಕುಳಿತರೆ "ಸಾಂಬಯ್ಯೋರೇ" ಎಂಬ ಕೂಗು. ಮೂರು ವರ್ಷ ತಡೆದುಕೊಂಡವನಿಗೆ ಈಗ ಸಾಕಾಗಿತ್ತು. ಬೆಟ್ಟದ ಮೇಲಿನ ಗವಿಗೆ ಹೋಗಿ ಒಬ್ಬನೇ ಇರಲು ಅಪ್ಪಣೆ ಬೇಡಲು ಬಂದಿದ್ದ. ಗುರುಗಳು ಹೂಂ ಎಂದರೆ ಅವತ್ತೇ ಹೊರಡುವವನು.

ಗುರುಗಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. "ಕೂತ್ಕೋ. ಒಂದು ಮೀನಿನ ಕತೆ ಹೇಳ್ತೀನಿ" ಎಂದರು.

"ಮಠದಲ್ಲಿ ಮೀನಿನ ಕತೆಯೇ?"

"ತಿನ್ನು ಅಂದ್ನೇನಪ್ಪ? ಕೇಳು ಅಂದೆ." ಸಾಂಬಯ್ಯ ಗಂಟನ್ನು ಕೆಳಗಿಟ್ಟು ಕುಳಿತ. ಗುರುಗಳು ಶುರು ಮಾಡಿದರು.

ಒಂದು ದೊಡ್ಡ ಕೆರೆಯ ದಡದಲ್ಲಿ ಒಬ್ಬ ಗಾಳದವನಿದ್ದ. ಹೆಸರಿಲ್ಲದವನ ಕತೆ ಹೇಳುವುದು ಕಷ್ಟ, ದುಗ್ಗಪ್ಪ ಎನ್ನೋಣ. ದುಗ್ಗಪ್ಪ ಗಾಳದ ಕೋಲನ್ನು ಹಿಂದಕ್ಕೆ ಬೀಸಿ ಮುಂದಕ್ಕೆ ಎಸೆದರೆ ದಾರ ನಲವತ್ತು ಮಾರು ಹೋಗಿ ಸದ್ದಿಲ್ಲದೆ ನೀರಿಗೆ ಇಳಿಯುತ್ತಿತ್ತು. ಕೆರೆ ಏರಿಯ ಮೇಲೆ ಹೋಗುವವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಯಾರೂ ನೋಡದಿದ್ದರೆ ದುಗ್ಗಪ್ಪನೇ ಕೆಮ್ಮಿ ಕರೆಯುತ್ತಿದ್ದ. ಒಳ್ಳೆಯವನೇ, ಕೊಂಚ ಮೀಸೆ ಜಾಸ್ತಿ.

ಅವನಿಗೆ ಬೆಟ್ಟದ ಸೀಮೆಯ ಬೆಳ್ಳಿ ಎಂಬ ಹುಡುಗಿಯೊಂದಿಗೆ ಮದುವೆ ಗೊತ್ತಾಯಿತು. ಸಂತೆಯಲ್ಲಿ ಒಂದೇ ಸಲ ನೋಡಿದ್ದ. ಅವತ್ತಿನಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ ಎಂದು ಅವನ ತಾಯಿ ಹೇಳುತ್ತಿದ್ದಳು. ಆದರೂ ಎರಡು ಮುದ್ದೆಗೆ ಕಡಿಮೆ ಎಂದೂ ಇಳಿದಿರಲಿಲ್ಲ.

ಬೆಳ್ಳಿಯ ಊರಿನಲ್ಲಿ ಒಂದು ಪದ್ಧತಿ ಇತ್ತು. ಲಗ್ನಕ್ಕೆ ಮುಂಚೆ ಗಂಡು ಹೆಣ್ಣಿನ ಊರಿಗೆ ಬಂದು ಮೂರು ದಿನ ಇರಬೇಕು. ಆ ಊರಿನ ಹೊಳೆಯಲ್ಲಿ ತನ್ನ ಕೈಯಾರೆ ಗಾಳ ಹಾಕಿ ಒಂದು ಚುಕ್ಕೆಮೀನು ಹಿಡಿಯಬೇಕು. ಬಲೆ ಬೀಸುವಂತಿಲ್ಲ, ನೀರಿಗೆ ನಂಜು ಹಾಕುವಂತಿಲ್ಲ. ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಆ ಮೀನು ಹೆಣ್ಣಿನ ಮನೆಯ ಒಲೆಗೆ ಬರಬೇಕು. ಬಾರದಿದ್ದರೆ ಜಗಳವಿಲ್ಲ, ಬೈಗುಳವಿಲ್ಲ. ಮಳೆ ಹಿಡಿದು ಹೊಳೆ ಕೆಂಪಾಗುತ್ತದೆ, ಮದುವೆ ಮುಂದಿನ ವರ್ಷಕ್ಕೆ ಹೋಗುತ್ತದೆ, ಅಷ್ಟೇ. ಒಂದು ವರ್ಷ ಎಂದರೆ ಅಷ್ಟೇ ಎನ್ನುವಂಥದ್ದೇ ಎಂದು ದುಗ್ಗಪ್ಪನನ್ನು ಕೇಳಬೇಕು.

"ಒಂದು ಮೀನೇ? ಒಂದು ಬುಟ್ಟಿ ತಂದುಕೊಡ್ತೀನಿ" ಎಂದು ಅವನು ಮೀಸೆ ತಿರುವಿ ಹೊರಟ.

ಹೋಗಿ ನೋಡಿದರೆ ಅಲ್ಲಿ ಹೊಳೆಯೇ ಕಾಣಲಿಲ್ಲ. ಎರಡು ದಡದ ಮರಗಳೂ ಬಾಗಿ ಒಂದರ ತಲೆಗೆ ಒಂದು ತಲೆ ಕೊಟ್ಟು ನಿಂತಿದ್ದವು. ಅವುಗಳಿಗೆ ಬಳ್ಳಿ, ಬಳ್ಳಿಗೆ ಮುಳ್ಳು. ಅಡಿಯಲ್ಲಿ ಎಲ್ಲೋ ನೀರಿನ ಸದ್ದು. ಆ ತಣ್ಣೀರಿನ ಮೀನು ಎರೆಹುಳುವಿನ ಕಡೆ ತಿರುಗಿಯೂ ನೋಡುವುದಿಲ್ಲ. ನೀರಿನ ಮೇಲೆ ಬೀಳುವ ಹುಳಹುಪ್ಪಟೆಯೇ ಅದರ ಊಟ. ಅದಕ್ಕೇ ಆ ಊರಿನವರು ಕೋಳಿಗರಿಯನ್ನು ಗಾಳಕ್ಕೆ ಸುತ್ತಿ, ನೊಣದಂತೆ ಮಾಡಿ ನೀರಿಗೆ ಬಿಡುತ್ತಿದ್ದರು. ಗರಿ ಸುತ್ತುವುದನ್ನು ದುಗ್ಗಪ್ಪ ಅರ್ಧ ಗಂಟೆಯಲ್ಲಿ ಕಲಿತ. ಕೈ ಚುರುಕಿನವನೇ.

ಕೋಲನ್ನು ಹಿಂದಕ್ಕೆ ಬೀಸಿದ. ಗಾಳ ಹಿಂದಿನ ಮರಕ್ಕೆ ಸಿಕ್ಕಿತು. ಬಿಡಿಸಿಕೊಂಡು ಮತ್ತೆ ಬೀಸಿದ. ಪಕ್ಕದ ಮರಕ್ಕೆ ಸಿಕ್ಕಿತು. ಒಂದು ಸಲ ಸ್ವಂತ ರುಮಾಲಿಗೇ ಸಿಕ್ಕಿತು. ಸಂಜೆಯ ಹೊತ್ತಿಗೆ ಹದಿಮೂರು ಗರಿನೊಣಗಳು ಮರದ ಮೇಲೆ ತೂಗಾಡುತ್ತಿದ್ದವು, ನೀರು ಮುಟ್ಟಿದ್ದು ಒಂದೂ ಇಲ್ಲ. ಊರಿನವರು ದಡದಲ್ಲಿ ಸಾಲಾಗಿ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಬೆಳ್ಳಿಯ ತಂದೆ ಕೆಂಚಪ್ಪ ನಗದೆ ಕೇಳಿದ, "ಅಳಿಯಂದಿರೇ, ನಿಮ್ಮೂರ ಕಡೆ ಮೀನು ಮರದ ಮೇಲಿರ್ತವಾ?"

ದುಗ್ಗಪ್ಪನಿಗೆ ಅವಮಾನವಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಕುಣಿಯಬಲ್ಲವನು, ಅದೇ ತೊಂದರೆಯಾಯಿತು. ತನ್ನ ಕೈಯಲ್ಲಿ ತಪ್ಪಿಲ್ಲ, ತಪ್ಪೆಲ್ಲ ಮರದ್ದು ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ.

ಎರಡನೆಯ ದಿನ ಕೋಳಿ ಕೂಗುವ ಮೊದಲೇ ಎದ್ದ. ಮಚ್ಚು ತೆಗೆದುಕೊಂಡು ಹೋಗಿ, ಮೀನು ಹೆಚ್ಚಿದ್ದ ಮಡುವಿನ ಮೇಲಿನ ಕೊಂಬೆಗಳನ್ನೆಲ್ಲ ಕಡಿದ. ಬಳ್ಳಿ ಸವರಿದ. ಬಿಸಿಲು ಏರುವ ಹೊತ್ತಿಗೆ ಮಡು ತನ್ನೂರಿನ ಕೆರೆಯ ಹಾಗೆ ಬಯಲಾಯಿತು. ಮೈ ತುಂಬ ಗೀರು, ಮನಸ್ಸು ತುಂಬ ಸಂತೋಷ. ಕೋಲು ಎತ್ತಿ ಬೀಸಿದ. ಹೊಳೆಯ ಉದ್ದಕ್ಕೆ ನಲವತ್ತು ಮಾರು! ಗರಿನೊಣ ಎಲ್ಲಿ ಬೀಳಬೇಕೆಂದನೋ ಅಲ್ಲೇ ಬಿತ್ತು. ದಡದವರು ನಗು ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಿದರು.

ಮೀನು ಮಾತ್ರ ನೋಡಲಿಲ್ಲ. ನೂರು ಸಲ ಎಸೆದ, ನೂರು ಸಲವೂ ಎಸೆತ ಚೆನ್ನಾಗಿತ್ತು. ನೀರು ಅಲ್ಲಾಡಲಿಲ್ಲ. ಹೊತ್ತು ಮುಳುಗಿತು.

ಕೆಂಚಪ್ಪ ಬಂದು ಪಕ್ಕದಲ್ಲಿ ಕುಳಿತ. ಕಡಿದು ಬಿದ್ದಿದ್ದ ಒಂದು ಕೊಂಬೆಯನ್ನು ಎಳೆದು ಒಮ್ಮೆ ಕೊಡವಿದ. ಇರುವೆ, ಕಂಬಳಿಹುಳು, ಪುಟ್ಟ ಜೀರುಂಡೆ ಎಲ್ಲ ಉದುರಿದವು.

"ಈ ಹುಳಗಳನ್ನೇ ನೋಡಿಕೊಂಡು ನಿಮ್ಮ ಗರಿ ಸುತ್ತಿದ್ದು" ಎಂದ. "ಇಲ್ಲಿ ಮೀನಿಗೆ ಊಟ ಹಾಕ್ತಿದ್ದೋರು ಯಾರು ಅಂದ್ಕೊಂಡಿದ್ರಿ ಅಳಿಯಂದಿರೇ? ಎಲೆ ಎತ್ತಿಬಿಟ್ಟು ಊಟಕ್ಕೆ ಕೂಗಿದ್ರೆ ಯಾರು ಬರ್ತಾರೆ?"

ದುಗ್ಗಪ್ಪ ಕೋಲು, ಮಚ್ಚು ಎತ್ತಿಕೊಂಡು ಮನೆಗೆ ನಡೆದ. ಆ ರಾತ್ರಿ ಒಂದೇ ಮುದ್ದೆ ಉಂಡ. ಅಡುಗೆಮನೆಯ ಬಾಗಿಲ ಹಿಂದೆ ಬೆಳ್ಳಿಯ ಬಳೆಯ ಸದ್ದು ಕೇಳಿದಾಗ ಅದನ್ನೂ ಅರ್ಧಕ್ಕೇ ಬಿಟ್ಟ.

ಮೂರನೆಯ ದಿನ ಹೊಳೆಯ ಗುಂಟ ಮೇಲಕ್ಕೆ ನಡೆದ. ಒಂದು ಹರದಾರಿ ಹೋದ ಮೇಲೆ ಇನ್ನೂ ದಟ್ಟವಾದ ಜಾಗ ಸಿಕ್ಕಿತು. ಅಲ್ಲಿ ನಿಂತುಕೊಳ್ಳಲೂ ಸ್ಥಳವಿಲ್ಲ. ಮಚ್ಚನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಮೊಣಕಾಲೂರಿ ಹೊಕ್ಕ, ಆಮೇಲೆ ಹೊಟ್ಟೆಯ ಮೇಲೆ ತೆವಳಿದ. ನೀರಿನ ಅಂಚಿಗೆ ಬಂದು, ಮೊದಲ ಬಾರಿಗೆ, ಗಾಳ ಹಾಕದೆ ಸುಮ್ಮನೆ ನೋಡಿದ.

ಎಲೆಯಿಂದ ಒಂದು ಹುಳ ಬಿತ್ತು. ಟುಪ್ ಎಂದು ನೀರು ಒಡೆಯಿತು, ಹುಳ ಇಲ್ಲ. ಇನ್ನೊಂದು ಬಿತ್ತು, ಅದೂ ಇಲ್ಲ. ಮೀನು ಅವನಿಂದ ನಾಲ್ಕು ಮೊಳ ದೂರದಲ್ಲಿತ್ತು. ನಲವತ್ತು ಮಾರು ಎಸೆಯಬಲ್ಲವನಿಗೆ ನಾಲ್ಕು ಮೊಳ ದಾಟಿಸುವುದು ತಿಳಿಯದೆ ನಗು ಬಂತು.

ಮಲಗಿಕೊಂಡೇ ಯೋಚಿಸಿದ. ಬೀಸುವಂತಿಲ್ಲ. ದಾರವನ್ನು ಕೋಲಿನಷ್ಟಕ್ಕೇ ಗಿಡ್ಡ ಮಾಡಿದ. ಗರಿನೊಣವನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆದ. ಕೋಲಿನ ತುದಿ ಬಿಲ್ಲಿನಂತೆ ಬಾಗಿತು. ಬಿಟ್ಟ. ಗರಿ ಕೊಂಬೆಗಳ ಅಡಿಯಲ್ಲಿ ಸುಯ್ಯೆಂದು ಹೋಗಿ ಒಂದು ಎಲೆಗೆ ತಾಗಿ ನೀರಿಗೆ ಜಾರಿತು. ಆ ಮೀನು ಹುಟ್ಟಿದಂದಿನಿಂದ ತಿಂದ ಹುಳಗಳೆಲ್ಲ ಬಿದ್ದದ್ದೂ ಹಾಗೆಯೇ. ಟುಪ್!

ಅವನು ಹಿಂದಿರುಗಿದಾಗ ಹೊತ್ತು ಮುಳುಗಲು ಇನ್ನೂ ಒಂದು ಗಳಿಗೆ ಇತ್ತು. ತಲೆಯಲ್ಲಿ ತರಗೆಲೆ, ಕಿವಿಯಲ್ಲಿ ಜಿಗಣೆ, ಮೀಸೆಯಲ್ಲಿ ಕೆಸರು, ಕೈಯಲ್ಲಿ ಮೊಳದುದ್ದದ ಚುಕ್ಕೆಮೀನು. ಬೆಳ್ಳಿ ಪದ್ಧತಿ ಮರೆತು ಬಾಗಿಲ ಹಿಂದಿನಿಂದ ಹೊರಗೇ ಬಂದುಬಿಟ್ಟಳು. ಮೀನು ನೋಡಲಿಲ್ಲ, ಅವನನ್ನು ನೋಡಿ ನಕ್ಕಳು. ದುಗ್ಗಪ್ಪನಿಗೆ ಅಷ್ಟು ಸುಖ ಯಾವತ್ತೂ ಆಗಿರಲಿಲ್ಲ.

ಮದುವೆ ನಡೆಯಿತು. ಅದಾದ ಮೂರನೆಯ ದಿನ ಗಂಡ ಹೆಂಡತಿ ದುಗ್ಗಪ್ಪನ ಊರಿಗೆಂದು ಹೊಳೆಯ ದಾರಿಯಲ್ಲಿ ಹೊರಟರು. ಕಡಿದ ಮಡುವಿನ ಹತ್ತಿರ ಬಂದಾಗ ಅಲ್ಲಿ ಏಳೆಂಟು ಕೊಕ್ಕರೆಗಳು ಸಾಲಾಗಿ ನಿಂತಿದ್ದವು. ಬಿಸಿಲಿಗೆ ನೀರಿನ ತಳ ಕಾಣುತ್ತಿತ್ತು.

"ಇಲ್ಲಿದ್ದ ಮೀನೆಲ್ಲ ಎಲ್ಲಿಗೆ ಹೋದವು?" ಎಂದು ದುಗ್ಗಪ್ಪ ಕೇಳಿದ.

"ದೊಡ್ಡವು ಎಲ್ಲಿಗೋ ಹೋದವು. ಮರಿಗಳು ಎಲ್ಲಿಗೆ ಹೋಗ್ತವೆ?" ಎಂದಳು ಬೆಳ್ಳಿ. ಹೇಳುವಾಗ ಅವಳು ಕೊಕ್ಕರೆಗಳ ಕಡೆ ನೋಡುತ್ತಿದ್ದಳು.

ದುಗ್ಗಪ್ಪನಿಗೆ ನಾಚಿಕೆಯಾಯಿತು. ತನಗೆ ಮೀನು ಸಿಕ್ಕಿತು, ಹೆಂಡತಿಯೂ ಸಿಕ್ಕಳು. ಈ ಮಡುವಿನ ಮರಿಗಳು ತನಗೇನು ಮಾಡಿದ್ದವು? ತನ್ನೂರಿನ ಕೆರೆಗೆ ಹೋಗುವ ಬದಲು ಅವನು ಆ ಮಳೆಗಾಲವೆಲ್ಲ ಮಾವನ ಮನೆಯಲ್ಲೇ ಉಳಿದು, ಆ ದಡದಲ್ಲಿ ಮರ ಮತ್ತೆ ಚಿಗುರಲೆಂದು ಹಸಿ ಕೊಂಬೆಯ ಗೂಟ ನೆಟ್ಟ. ಮನೆಯಳಿಯ ಎಂದು ಊರೆಲ್ಲ ಆಡಿಕೊಂಡಿತು. ಆಡಿಕೊಳ್ಳಲಿ ಎಂದುಕೊಂಡ.

ಕತೆ ನಿಂತಿತು. ಹೊರಗೆ ಜಗಲಿಯಲ್ಲಿ ಯಾರೋ ಕೆಮ್ಮಿದರು. ಒಂದು ಮಗು ಅತ್ತು ಸುಮ್ಮನಾಯಿತು.

ಸಾಂಬಯ್ಯ ಜಾಣ. ಅರ್ಥ ಹಿಡಿಯಲು ಅವನಿಗೆ ಹೊತ್ತು ಬೇಕಾಗಲಿಲ್ಲ. "ತಿಳಿಯಿತು ಗುರುಗಳೇ" ಎಂದ. "ಜನ ಅಡ್ಡ ಬರುತ್ತಾರೆಂದು ದೂರ ಹೋದರೆ ನನ್ನ ಧ್ಯಾನಕ್ಕೂ ಏನೂ ದಕ್ಕುವುದಿಲ್ಲ. ಇವರ ನಡುವೆಯೇ ತೆವಳಿ, ಗಿಡ್ಡ ದಾರದಲ್ಲೇ ನನ್ನ ಮೀನು ಹಿಡಿಯಬೇಕು. ಗಾಳದವನು ಕಲಿತದ್ದು ಅದನ್ನೇ ಅಲ್ಲವೇ?"

ಗುರುಗಳು ಮಗುವಿನ ಸದ್ದು ಬಂದ ಜಗಲಿಯ ಕಡೆ ಕಿವಿಗೊಟ್ಟು ಮುಗುಳ್ನಕ್ಕರು.

"ನೀನು ಗಾಳದವನು ಅಂತ ಯಾರಪ್ಪ ಹೇಳಿದ್ದು? ನೀನು ಕೊಂಬೆ."