ಹೊಡೆಯದವನ ದಿಬ್ಬ

ಬೂದಿಕಣಿವೆಗೆ ಹೋಗುವ ಬಸ್ಸು ಕೊನೆಯ ತಿರುವಿನಲ್ಲಿ ನಿಧಾನವಾದಾಗ, ಎಡಗಡೆಯ ಬಂಡೆಗಳ ನಡುವೆ ಕೆಮ್ಮಣ್ಣಿನ ದಿಬ್ಬವೊಂದು ಕಾಣುತ್ತದೆ. ಅದರ ನೆತ್ತಿಯ ಮೇಲೆ ಎಡಮಂಡಿಯೂರಿ ಕೂತ ಮುದುಕನ ಕಲ್ಲಿದೆ. ಬಲಭುಜದ ತೋಳಬಂದಿಯ ಮಣಿಗಳನ್ನು ಇಂದಿಗೂ ಬೆರಳಿಟ್ಟು ಮುಟ್ಟಿ ನೋಡಬಹುದು. ಎಡಭುಜ ಮಾತ್ರ ಸವೆದು ಹಳ್ಳ ಬಿದ್ದಿದೆ. ಪಕ್ಕದ ಕಮರದ ಮರಕ್ಕೆ ಯಾವಾಗಲೂ ನಾಲ್ಕಾರು ಕೋಲುಗಳು ಒರಗಿರುತ್ತವೆ. ಊರವರು ಇದನ್ನು ಹೊಡೆಯದವನ ದಿಬ್ಬ ಎನ್ನುತ್ತಾರೆ. ಯಾರಿಗೂ ಕೈಯೆತ್ತದ ಯಾವನೋ ಸಾಧು ಇಲ್ಲಿ ತಪಸ್ಸು ಮಾಡಿರಬೇಕೆಂದು ಪರಊರಿನವರು ಕೈಮುಗಿದು ಹೋಗುತ್ತಾರೆ. ನನಗೆ ಮೊದಲು ನಗು ಬರುತ್ತಿತ್ತು, ಈಗ ಬರುವುದಿಲ್ಲ. ಕಲ್ಲಿನಲ್ಲಿರುವವನು ಒಬ್ಬ, ಹೆಸರಿನಲ್ಲಿರುವವನು ಇನ್ನೊಬ್ಬ. ಸಾಧು ಇಬ್ಬರೂ ಅಲ್ಲ.

ಹಿಂದೆ ಒಮ್ಮೆ, ಈ ಕಣಿವೆ ಒಬ್ಬ ಪಾಳೆಯಗಾರನ ಕೈಯಲ್ಲಿದ್ದಾಗ, ದಿಬ್ಬದ ಮೇಲೆ ಒಂದು ಗರಡಿಯಿತ್ತಂತೆ. ಅದರ ಗುರು ಕಾಟಯ್ಯ. ಕತ್ತಿವರಸೆಯಲ್ಲಿ ಅವನ ಸಮಕ್ಕೆ ನಿಲ್ಲಬಲ್ಲವನು ಸುತ್ತಲ ಸೀಮೆಗೆ ಒಬ್ಬನೇ ಇದ್ದ; ಅವನ ಶಿಷ್ಯ ಪಾಲಯ್ಯ. ಆ ವರ್ಷ ಪಕ್ಕದ ಸೀಮೆಯವರು ಕಣಿವೆಗೆ ನುಗ್ಗುತ್ತಾರೆಂಬ ಸುದ್ದಿ ಹಬ್ಬಿತು. ಬರುವವರ ಕತ್ತಿಗಳು ಉದ್ದ, ಊರಿನ ಹುಡುಗರ ಕತ್ತಿಗಳು ಗಿಡ್ಡ. ಕಾಟಯ್ಯ ಊಟ ನಿದ್ದೆ ಬಿಟ್ಟು ಒಂದು ಹೊಸ ವರಸೆ ಕಟ್ಟಿದ. ಎದುರಾಳಿ ಬೀಸಿದ ಕೂಡಲೇ ಎಡಮಂಡಿಯೂರಿ ಕುಸಿಯುವುದು, ಕತ್ತಿ ತಲೆಯ ಮೇಲೆ ಹಾದುಹೋಗುತ್ತಲೇ ಮೇಲೆದ್ದು ಅವನ ಪಕ್ಕೆಗೆ ತಿವಿಯುವುದು. ನೋಡಿದವರೆಲ್ಲ ಬೆರಗಾದರು. ಕಾಟಯ್ಯನಿಗೆ ಮಾತ್ರ ಸಮಾಧಾನವಿರಲಿಲ್ಲ. ತನಗಿಂತ ಕಡಿಮೆಯವರ ಮೇಲೆ ಗೆದ್ದ ವರಸೆ ವರಸೆಯೇ ಅಲ್ಲ, ಬಲ್ಲವನೊಬ್ಬ ಮುರಿಯಲೆಂದೇ ಎದುರು ನಿಂತು ಸೋತರಷ್ಟೇ ಅದನ್ನು ಕಲಿಸಬೇಕು ಎಂದು ಅವನು ನಂಬಿದ್ದ. ಕಲಿಯಲು ಕಾದಿದ್ದ ಹುಡುಗರಲ್ಲಿ ಅವನ ಒಬ್ಬನೇ ಮಗ ಬೋರನೂ ಇದ್ದ.

ಆದರೆ ಗರಡಿಯ ಕಟ್ಟಳೆಯೊಂದಿತ್ತು. ಶಿಷ್ಯನ ಕೋಲು ಗುರುವಿನ ಮೈಗೆ ತಾಗಬಾರದು. ತಾಗಿದರೆ ಗರಡಿಯ ದೀಪ ಆರುತ್ತದೆಂದು ಎಲ್ಲರೂ ಹೆದರುತ್ತಿದ್ದರು. ಗುರು ಕೋಲೆತ್ತಿದರೆ ಸಾಕು, ಶಿಷ್ಯ ಮಣ್ಣಿಗೆ ಬಿದ್ದು ಆ ಮಣ್ಣನ್ನೇ ಹಣೆಗೆ ಹಚ್ಚಿಕೊಳ್ಳುತ್ತಿದ್ದ. ಕಾಟಯ್ಯ ಪಾಲಯ್ಯನನ್ನು ಕರೆದು, "ಇವತ್ತು ನಾನು ನಿನ್ನ ಗುರು ಅಲ್ಲ ಕಣೋ, ಕಣಿವೆಗೆ ಬಂದ ಶತ್ರು. ಸಂದು ಕಂಡಲ್ಲಿ ಹೊಡಿ, ಮುಲಾಜು ನೋಡಬೇಡ" ಎಂದ. ಪಾಲಯ್ಯ ಆಗಲೆಂದು ಕೋಲು ಹಿಡಿದ. ಗುರು ಮಂಡಿಯೂರಿ ಎದ್ದ ಆ ಗಳಿಗೆಯಲ್ಲಿ ಅವನ ಎಡಭುಜ ಬಾಗಿಲು ತೆರೆದಿಟ್ಟ ಮನೆಯಂತೆ ಪಾಲಯ್ಯನ ಕಣ್ಣಿಗೆ ಬಿತ್ತು. ಎತ್ತಿದ ಕೋಲು ಎತ್ತಿದಲ್ಲೇ ನಿಂತಿತು. ಪಕ್ಕೆಗೆ ತಿವಿಸಿಕೊಂಡು ಅವನು ಬಿದ್ದ.

"ನಿಜ ಹೇಳು, ಎಲ್ಲಾದರೂ ಸಂದಿತ್ತೇನೋ?"

"ಎಲ್ಲೂ ಇಲ್ಲ ಗುರುವೇ."

ಗುರುವಿಗೆ ಹೊಡೆಯುವುದು ಎಷ್ಟು ತಪ್ಪೋ, ಗುರುವಿನ ವರಸೆಯಲ್ಲಿ ಕುಂದು ಎತ್ತಿ ತೋರಿಸುವುದೂ ಅಷ್ಟೇ ತಪ್ಪೆಂದು ಅವನಿಗೆ ತೋರಿತು. ತನಗೆ ಕಂಡದ್ದು ಕಂಡಕಂಡವರಿಗೆಲ್ಲ ಕಾಣುತ್ತದೆಯೇ ಎಂದು ತನಗೆ ತಾನೇ ಸಮಾಧಾನವನ್ನೂ ಹೇಳಿಕೊಂಡ. ಅವನ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಆದರೆ ಆ ಗರಡಿಯಲ್ಲಿ ಬೆಳೆದ ಯಾರೇ ಆಗಿದ್ದರೂ ಹಾಗೆಯೇ ಬೀಳುತ್ತಿದ್ದರು. ಕಾಟಯ್ಯ ನೆಮ್ಮದಿಯ ಉಸಿರು ಬಿಟ್ಟು ಹುಡುಗರಿಗೆಲ್ಲ ಆ ವರಸೆಯನ್ನು ಕಲಿಸಿದ.

ಶತ್ರುಗಳು ಬಂದರು. ಹುಡುಗರು ಕಲಿತದ್ದನ್ನು ಚೂರೂ ತಪ್ಪಿಲ್ಲದೆ ಮಾಡಿದರು ಎನ್ನುತ್ತಾರೆ. ಸಂಜೆ ಕಣಿವೆಯಿಂದ ಹೆಣಗಳನ್ನು ಹೊತ್ತು ತಂದು ದಿಬ್ಬದ ಬುಡದಲ್ಲಿ ಮಲಗಿಸಿದಾಗ ಕಾಟಯ್ಯ ಒಂದೊಂದನ್ನೇ ಬಾಗಿ ನೋಡಿದ. ಎಲ್ಲರಿಗೂ ಗಾಯ ಎಡಭುಜದಲ್ಲೇ. ಬೋರನಿಗೂ ಅಲ್ಲೇ. ಜೀವಂತ ಮರಳಿದವನು ಪಾಲಯ್ಯ ಒಬ್ಬನೇ. ಕಾಟಯ್ಯ ಅವನ ಎಡಭುಜವನ್ನು ಸವರಿ ನೋಡಿದ. ಅಲ್ಲಿ ಒಂದು ಗೀರೂ ಇರಲಿಲ್ಲ.

"ನೀನು ಆ ವರಸೆ ಹಾಕಲಿಲ್ಲ ಅಲ್ಲವೇನೋ?"

ಪಾಲಯ್ಯ ತಲೆ ಎತ್ತಲಿಲ್ಲ. "ಅವತ್ತೇ ಕಂಡಿತ್ತು ಗುರುವೇ. ನಿಮ್ಮ ಮೈಮೇಲೆ ಕೋಲಿಡೋಕೆ ಕೈ ಬರಲಿಲ್ಲ."

"ಒಂದೇ ಒಂದು ಏಟು ಮಗನೇ. ನನ್ನ ಮೂಳೆ ಮುರಿದು ಹೋಗ್ತಿತ್ತು, ಅಷ್ಟೇ."

ಮುದುಕ ದಿಬ್ಬದ ಮೇಲೆ ಹೋಗಿ ಎಡಮಂಡಿಯೂರಿ ಕೂತು, "ಈಗಲಾದರೂ ಹೊಡಿ" ಎಂದ. ಪಾಲಯ್ಯ ಕೋಲು ಎತ್ತಿದ, ಇಳಿಸಿದ, ಮಣ್ಣಿಗೆ ಬಿದ್ದು ಅತ್ತ. ದಾರಿಯಲ್ಲಿ ಹೋಗುವವರನ್ನೆಲ್ಲ ಕಾಟಯ್ಯ ಕರೆದು ಭುಜ ಒಡ್ಡಿದ. ಅವರು ಅವನ ಕಾಲು ಮುಟ್ಟಿ ಮುಂದೆ ಹೋದರೇ ಹೊರತು ಯಾರೂ ಹೊಡೆಯಲಿಲ್ಲ. ಅವನು ಅನ್ನನೀರು ಬಿಟ್ಟು ಹಾಗೆ ಕೂತಲ್ಲೇ ಸತ್ತ. ಗರಡಿಯ ದೀಪಕ್ಕೆ ಎಣ್ಣೆ ಹಾಕುವವರಿಲ್ಲದೆ ಅದೂ ಆರಿತು. ಪಾಲಯ್ಯ ಈ ಕಲ್ಲನ್ನು ಕಡೆಸಿ ನಿಲ್ಲಿಸಿ, ಬಂದವರು ಎಡಭುಜಕ್ಕೊಂದು ಏಟು ಹಾಕಿ ಹೋಗಬೇಕೆಂದು ಬೇಡಿಕೊಂಡ. ತಾನು ಮಾತ್ರ ಸಾಯುವ ತನಕ ಆ ಕಲ್ಲಿಗೂ ಹೊಡೆಯಲಿಲ್ಲವಂತೆ.

ಕೆಳಗಿನ ಊರಿನಲ್ಲಿ ಈಗ ಬೇರೊಂದು ಗರಡಿಯಿದೆ. ಹೊಸ ವರಸೆ ಕಲಿಯುವ ಮುನ್ನ ಅಲ್ಲಿನ ಹುಡುಗರು ಬೆಳಗಿನ ಹೊತ್ತು ದಿಬ್ಬ ಹತ್ತಿ, ಮರಕ್ಕೆ ಒರಗಿದ ಕೋಲು ತೆಗೆದುಕೊಂಡು, ಇದ್ದ ಶಕ್ತಿಯನ್ನೆಲ್ಲ ಹಾಕಿ ಕಲ್ಲಿನ ಭುಜಕ್ಕೆ ಹೊಡೆಯುತ್ತಾರೆ. ಬಸ್ಸಿನಲ್ಲಿ ಕೂತವರಿಗೂ ಆ ಸದ್ದು ಕೇಳುತ್ತದೆ. ಆಮೇಲೆ ಅವರು ದಿಬ್ಬ ಇಳಿದು ಗರಡಿಗೆ ಹೋಗುತ್ತಾರೆ. ಗುರು ಕೋಲೆತ್ತುತ್ತಲೇ ಮಣ್ಣಿಗೆ ಬಿದ್ದು, ಆ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ.